ಕಪ್ಪು-ಬಿಳುಪು ನಿಸರ್ಗಚಿತ್ರ: ಫೋನಾ, ಕ್ಯಾಮೆರಾನಾ, ಫಿಲ್ಮಾ? ನಮ್ಮ ನೆಲ ನೋಡಿ ಆರಿಸೋಣ

ಇತ್ತೀಚೆಗೆ ಮೂರು ಜನ ಬೇರೆ ಬೇರೆ ದಿನ ನನ್ನ ಹತ್ತಿರ ಒಂದೇ ಮಾತು ಕೇಳಿದರು. ಒಬ್ಬ ಸೇಡಂ ಕಡೆಯ ಹುಡುಗ, ಡಿಗ್ರಿ ಓದುತ್ತಿದ್ದಾನೆ, ಕೈಯಲ್ಲಿರುವುದು ಫೋನ್ ಒಂದೇ. ಇನ್ನೊಬ್ಬರು ಬೀದರಿನ ಮಾಸ್ತರರು, ತಮ್ಮನ ಹಳೆಯ ಡಿಎಸ್‌ಎಲ್‌ಆರ್ (ಲೆನ್ಸ್ ಬದಲಿಸಬಹುದಾದ ಡಿಜಿಟಲ್ ಕ್ಯಾಮೆರಾ) ಅವರ ಕೈಗೆ ಬಂದಿದೆ. ಮೂರನೆಯವರು ಸುರಪುರದಲ್ಲಿರುವ ನಮ್ಮ ಅಕ್ಕ. ಅಟ್ಟ ಸ್ವಚ್ಛ ಮಾಡುವಾಗ ಮಾವನವರ ಫಿಲ್ಮ್ ಕ್ಯಾಮೆರಾ ಸಿಕ್ಕಿತಂತೆ. ಮೂವರಿಗೂ ಊರಿನ ಹೊಲ, ಗುಡ್ಡ, ಕೋಟೆಗಳನ್ನು ಕಪ್ಪು-ಬಿಳುಪಿನಲ್ಲಿ ತೆಗೆಯುವ ಆಸೆ. ಇರುವುದರಲ್ಲೇ ಶುರು ಮಾಡಬೇಕಾ, ಬೇರೆ ಏನಾದರೂ ಕೊಳ್ಳಬೇಕಾ ಅನ್ನುವುದು ಅವರ ಗೊಂದಲ.

ನಾನು ಮೂವರಿಗೂ ಮೊದಲು ಕೇಳಿದ್ದು ಒಂದೇ. ನೀವು ಯಾವ ನೆಲದಲ್ಲಿ ನಿಂತು ಫೋಟೋ ತೆಗೆಯುತ್ತೀರಿ? ಬೀದರಿನ ಕೆಂಪು ಕಲ್ಲಾ, ಕಲಬುರಗಿಯ ಎರೆ ಹೊಲವಾ, ಯಾದಗಿರಿ ಕಡೆಯ ಬಂಡೆ ಗುಡ್ಡವಾ? ಇದಕ್ಕೆ ಉತ್ತರ ಸಿಕ್ಕರೆ ಯಾವ ಉಪಕರಣ ಅನ್ನುವುದು ಅರ್ಧ ತೀರ್ಮಾನವಾದ ಹಾಗೆ. ಯಾಕೆ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಯಾವುದರಿಂದ ಅಳೆಯಬೇಕು

ಮೊದಲನೆಯದು, ಬಣ್ಣದ ಮೇಲೆ ಹಿಡಿತ. ಕಪ್ಪು-ಬಿಳುಪು ಚಿತ್ರ ಅಂದರೆ ಬಣ್ಣ ತೆಗೆದು ಬಿಸಾಡಿದ ಚಿತ್ರ ಅಂತ ಬಹಳ ಜನ ತಿಳಿದಿದ್ದಾರೆ. ಯಾವ ಬಣ್ಣ ಎಷ್ಟು ಬೂದಾಗಬೇಕು ಅಂತ ನಾವು ತೀರ್ಮಾನಿಸುವ ಚಿತ್ರ ಅದು. ಮಳೆ ಮುಗಿದ ಮೇಲೆ ಬೀದರ್ ಕೋಟೆಗೆ ಹೋಗಿ ನೋಡಿ. ಕಂದಕದ ಅಂಚಿನಲ್ಲಿ ಹಸಿರು ಹುಲ್ಲು, ಅದರ ಹಿಂದೆ ಕೆಂಪು ಜಂಬಿಟ್ಟಿಗೆ ಗೋಡೆ. ಕಣ್ಣಿಗೆ ಎಷ್ಟು ಚಂದ! ಅದನ್ನೇ ಸುಮ್ನೆ ಬಣ್ಣ ಕಳೆದು ನೋಡಿದರೆ ಹುಲ್ಲೂ ಗೋಡೆಯೂ ಹೆಚ್ಚುಕಡಿಮೆ ಒಂದೇ ಬೂದು. ಎರಡೂ ಒಂದಕ್ಕೊಂದು ಅಂಟಿಕೊಂಡು ಚಿತ್ರ ಸಪ್ಪೆಯಾಗುತ್ತದೆ. ಕೆಂಪನ್ನು ಮೇಲೆತ್ತಿದರೆ ಗೋಡೆ ಬೆಳಗುತ್ತದೆ, ಹುಲ್ಲು ಗಾಢವಾಗುತ್ತದೆ. ಹಸಿರನ್ನು ಎತ್ತಿದರೆ ತಿರುವುಮುರುವು. ಇಷ್ಟು ಆಯ್ಕೆ ನಿಮ್ಮ ಕೈಯಲ್ಲಿ ಉಳಿಯುತ್ತದೋ ಇಲ್ಲವೋ ಅನ್ನುವುದೇ ಮೊದಲ ಅಳತೆ.

ಎರಡನೆಯದು, ಬೆಳಕು ಮತ್ತು ನೆರಳನ್ನು ಒಟ್ಟಿಗೆ ಹಿಡಿಯುವ ಶಕ್ತಿ. ನಮ್ಮ ಬಿಸಿಲು ಎಂಥದ್ದು ಅಂತ ನಿಮಗೆ ಹೇಳಬೇಕಾಗಿಲ್ಲ. ಗುಂಬಜ್‌ನ ಒಳಗೆ ಕತ್ತಲು, ಬಾಗಿಲಾಚೆ ಕಣ್ಣು ಕೋರೈಸುವ ಬಯಲು. ಸಾಮಾನ್ಯ ಜೆಪೆಗ್ ಫೈಲಿನಲ್ಲಿ ಪ್ರತಿ ಬಣ್ಣಕ್ಕೂ 256 ಮೆಟ್ಟಿಲು ಮಾತ್ರ. 14 ಬಿಟ್‌ನ ರಾ ಫೈಲಿನಲ್ಲಿ, ಅಂದರೆ ಕ್ಯಾಮೆರಾ ಹಿಡಿದದ್ದನ್ನೆಲ್ಲ ಹಾಗೇ ಉಳಿಸುವ ಫೈಲಿನಲ್ಲಿ, 16,384. ಚಿತ್ರವನ್ನು ಆಮೇಲೆ ಹಿಗ್ಗಿಸಿ ಕುಗ್ಗಿಸುವಾಗ ಈ ವ್ಯತ್ಯಾಸ ಗೊತ್ತಾಗುತ್ತದೆ.

ಮೂರನೆಯದು, ಚಿತ್ರ ಎಲ್ಲಿಗೆ ಹೋಗಬೇಕು? ಸ್ಟೇಟಸ್‌ಗಾ, ಗೋಡೆಗಾ? ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ 8×12 ಇಂಚಿನ ಪ್ರಿಂಟಿಗೆ ಒಂಬತ್ತು ಮೆಗಾಪಿಕ್ಸೆಲ್ ಹತ್ತಿರ ಸಾಕು. 12×18ಕ್ಕೆ 19ರಿಂದ 20 ಬೇಕು. ಉಳಿದದ್ದು ದುಡ್ಡು ಮತ್ತು ಸಮಯ. ದುಡ್ಡಿನಲ್ಲೂ ಎರಡು ಬಗೆ ಇದೆ: ಒಮ್ಮೆ ಕೊಟ್ಟು ಮುಗಿಯುವುದು, ಪ್ರತಿ ಸಲ ಕೊಡುತ್ತಲೇ ಇರುವುದು. ಇದನ್ನು ಮರೆತರೆ ಆಮೇಲೆ ಕಷ್ಟ.

ಫೋನಿನ ಮೋನೋ ಮೋಡ್

ಖರ್ಚಿಲ್ಲ, ಕಲಿಯಬೇಕಾದ್ದೂ ಇಲ್ಲ. ತೆಗೆಯುವಾಗಲೇ ಪರದೆ ಕಪ್ಪು-ಬಿಳುಪಾಗಿ ಕಾಣುವುದರಿಂದ ಕಣ್ಣು ಪಳಗಿಸಲು ಒಳ್ಳೆಯದು. ಆದರೆ ಹೆಚ್ಚಿನ ಫೋನುಗಳು ಇದರಲ್ಲಿ ಬಣ್ಣವನ್ನು ಅಲ್ಲೇ ಕಳೆದು ಜೆಪೆಗ್ ಮಾಡಿಬಿಡುತ್ತವೆ. ಆಮೇಲೆ ಗೋಡೆ ಬೇರೆ, ಹುಲ್ಲು ಬೇರೆ ಮಾಡುತ್ತೇನೆಂದರೆ ಸಾಧ್ಯವಿಲ್ಲ.

ಹಾಗಂತ ಇದನ್ನು ತಳ್ಳಿಹಾಕಬೇಡಿ. ಎರೆ ಹೊಲದಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಎರೆ ಮಣ್ಣಿಗೆ ಬಣ್ಣವೇ ಕಡಿಮೆ, ಅದು ಮೊದಲೇ ಕಪ್ಪು. ಶಹಾಬಾದಿನ ಪರ್ಸಿ ಕಲ್ಲೂ ಹಾಗೆಯೇ, ಮೊದಲೇ ಬೂದು. ಇಂಥ ಕಡೆ ಬಣ್ಣದ ಆಟಕ್ಕಿಂತ ಬೆಳಕು ಬೀಳುವ ಓರೆ ಮುಖ್ಯ. ಇದನ್ನು ನನಗೆ ಕಲಿಸಿದವರು ಫೋಟೋಗ್ರಾಫರ್ ಅಲ್ಲ. ಚಿತ್ತಾಪುರ ರಸ್ತೆಯಲ್ಲಿ ಒಂದು ಮಧ್ಯಾಹ್ನ ಹರಗಿದ ಹೊಲದ ಮುಂದೆ ಒದ್ದಾಡುತ್ತಿದ್ದೆ. ಹೊಲದ ಯಜಮಾನರು ಬಂದು, "ಏನ್ರೀ ಸರ, ಖಾಲಿ ಹೊಲದಾಗ ಏನ್ ಫೋಟೋ ತೆಗಿತೀರಿ?" ಅಂದರು. ಸಾಲು ತೆಗೆಯಬೇಕು ಅಂದೆ. "ಈಗೆಲ್ಲಿ ಕಾಣ್ತಾವ? ಮುಂಜಾನೆ ಬರ್ರಿ, ಹೊತ್ತು ಹುಟ್ಟುವಾಗ. ಸಾಲು ಎದ್ದು ನಿಲ್ತಾವ." ಮರುದಿನ ಹೋದೆ. ಪ್ರತಿ ಸಾಲಿನ ಒಂದು ಮಗ್ಗುಲು ಬೆಳಗಿ, ಇನ್ನೊಂದು ಮಗ್ಗುಲು ಕಪ್ಪಾಗಿ, ದೂರದ ಬೇವಿನ ಮರದ ತನಕ ಗೆರೆ ಎಳೆದ ಹಾಗಿತ್ತು. ಅದನ್ನು ತೆಗೆದದ್ದು ಫೋನಿನಲ್ಲೇ.

ಒಂದು ಎಚ್ಚರಿಕೆ. ಕಪ್ಪು ಮಣ್ಣು ಫ್ರೇಮು ತುಂಬಿದರೆ ಫೋನ್ ಆಗಲಿ ಕ್ಯಾಮೆರಾ ಆಗಲಿ ಅದನ್ನು ನಡುಬೂದು ಮಾಡಲು ನೋಡುತ್ತದೆ, ಬೆಳಕು ಜಾಸ್ತಿ ಬಿಡುತ್ತದೆ. ಹೊಲ ಬೂದಿ ಹಾಕಿದ ಹಾಗೆ ಕಾಣುತ್ತದೆ. ಎಕ್ಸ್‌ಪೋಷರನ್ನು ಒಂದು ಸ್ಟಾಪ್ ಇಳಿಸಿ (ಅಂದರೆ ಬೆಳಕು ಅರ್ಧಕ್ಕೆ), ಮಣ್ಣು ತನ್ನ ಕಪ್ಪಿಗೆ ಬರುತ್ತದೆ.

ಫೋನಿನಲ್ಲೇ ರಾ

ನಿಮ್ಮ ಫೋನಿನಲ್ಲಿ ಪ್ರೋ ಮೋಡ್ ಇದ್ದು ಅದರಲ್ಲಿ ರಾ ಅಥವಾ ಡಿಎನ್‌ಜಿ (ಅದೂ ಒಂದು ಬಗೆಯ ರಾ ಫೈಲೇ) ಆಯ್ಕೆ ಇದ್ದರೆ ಅದನ್ನು ಹಾಕಿಕೊಳ್ಳಿ. ಇಲ್ಲದಿದ್ದರೆ ಲೈಟ್‌ರೂಮ್ ಮೊಬೈಲ್ ಆ್ಯಪ್‌ನ ಕ್ಯಾಮೆರಾದಲ್ಲಿ ಸಿಗುತ್ತದೆಯೋ ನೋಡಿ. ಚಿತ್ರ ಬಣ್ಣದಲ್ಲೇ ಉಳಿಯುತ್ತದೆ, ಪರಿವರ್ತನೆ ಮನೆಗೆ ಬಂದ ಮೇಲೆ. ಸ್ನ್ಯಾಪ್‌ಸೀಡ್ ಪುಕ್ಕಟೆ ಸಿಗುತ್ತದೆ. ಅದರ ಕಪ್ಪು-ಬಿಳುಪು ವಿಭಾಗದಲ್ಲಿ ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ ಅಂತ ಫಿಲ್ಟರುಗಳಿವೆ. ಲೈಟ್‌ರೂಮಿನಲ್ಲಿ ಒಂದೊಂದು ಬಣ್ಣಕ್ಕೂ ಬೇರೆ ಸ್ಲೈಡರ್ ಇರುತ್ತದೆ, ಹಿಡಿತ ಇನ್ನೂ ಸೂಕ್ಷ್ಮ.

ಕೊರತೆ ಇರುವುದು ಫೋನಿನಲ್ಲಿ ಬೆಳಕು ಹಿಡಿಯುವ ಚಿಕ್ಕ ಸೆನ್ಸಾರಿನಲ್ಲಿ. ನೆರಳನ್ನು ಎತ್ತಿದ ಕೂಡಲೇ ಮರಳು ಮರಳಾಗಿ ನಾಯ್ಸ್ ಬರುತ್ತದೆ. ನೀಲಿ ಆಕಾಶವನ್ನು ತೀರಾ ಕಪ್ಪು ಮಾಡಲು ಹೋದರೆ ಕಲೆ ಕಲೆಯಾಗುತ್ತದೆ. ಆದರೂ 8×12 ಪ್ರಿಂಟ್ ತನಕ ಧೈರ್ಯವಾಗಿ ಹೋಗಬಹುದು. ಸೇಡಂ ಹುಡುಗನಿಗೆ ನಾನು ಹೇಳಿದ್ದು ಇದನ್ನೇ. ಅವನ ಸುತ್ತ ಇರುವುದು ತೊಗರಿ ಹೊಲ, ಕಲ್ಲಿನ ಖಣಿ, ಕಾಗಿಣಾ ನದಿ, ಹತ್ತಿರದಲ್ಲೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಕೋಟೆ. ತೊಗರಿ ಹಳದಿ ಹೂ ಬಿಟ್ಟಾಗ ಹಳದಿ ಸ್ಲೈಡರ್ ಎತ್ತಿ ಹಸಿರನ್ನು ಸ್ವಲ್ಪ ಇಳಿಸಿದರೆ ಇಡೀ ಹೊಲದ ಮೇಲೆ ಬೆಳ್ಳಿ ಚಿಮುಕಿಸಿದ ಹಾಗೆ ಹೂ ಎದ್ದು ಕಾಣುತ್ತದೆ. ಇದಕ್ಕೆ ಒಂದು ರೂಪಾಯಿಯೂ ಬೇಡ. ಒಂದು ವರ್ಷ ಇದರಲ್ಲೇ ಕೈ ಕುದುರಿಸಿಕೋ, ಆಮೇಲೆ ಕ್ಯಾಮೆರಾ ಮಾತು ಅಂದೆ.

ಹಳೆಯ ಡಿಎಸ್‌ಎಲ್‌ಆರ್, ಹೊಸ ಮಿರರ್‌ಲೆಸ್

ನಿಸರ್ಗಚಿತ್ರಕ್ಕೆ ವೇಗದ ಫೋಕಸ್ ಬೇಡ, ವಿಡಿಯೋ ಬೇಡ. ಹಾಗಾಗಿ ಹತ್ತು ವರ್ಷ ಹಳೆಯ ಡಿಎಸ್‌ಎಲ್‌ಆರ್ ಕೂಡ ಈ ಕೆಲಸಕ್ಕೆ ಧಾರಾಳ. ಕಿಟ್ ಲೆನ್ಸ್ ಸಮೇತ ಸೆಕೆಂಡ್ ಹ್ಯಾಂಡ್‌ನಲ್ಲಿ 15ರಿಂದ 25 ಸಾವಿರದೊಳಗೆ ಹುಡುಕಬಹುದು. ದುಡ್ಡು ಉಳಿದರೆ ಹೊಸ ಕ್ಯಾಮೆರಾಕ್ಕೆ ಹಾಕುವ ಬದಲು ಗಟ್ಟಿ ಟ್ರೈಪಾಡ್‌ಗೆ ಹಾಕಿ ಅನ್ನುತ್ತೇನೆ. ಹೊಸ ಮಿರರ್‌ಲೆಸ್‌ನ ಒಂದು ನಿಜವಾದ ಲಾಭ ಅಂದರೆ ಕಣ್ಣಿಟ್ಟು ನೋಡುವ ಕಿಂಡಿಯಲ್ಲೇ ಕಪ್ಪು-ಬಿಳುಪು ಕಾಣುತ್ತದೆ. ಡಿಎಸ್‌ಎಲ್‌ಆರ್‌ನಲ್ಲಿ ಲೈವ್ ವ್ಯೂ ಹಾಕಿಕೊಂಡು ಹಿಂದಿನ ಪರದೆಯಲ್ಲಿ ನೋಡಬೇಕು. ಬಿಸಿಲಲ್ಲಿ ಅದು ಸರಿಯಾಗಿ ಕಾಣುವುದಿಲ್ಲ.

ಕ್ಯಾಮೆರಾದಲ್ಲಿ ಪಿಕ್ಚರ್ ಸ್ಟೈಲ್ ಮೋನೋಕ್ರೋಮ್‌ಗೆ ಇಟ್ಟು ಫೈಲ್ ಮಾತ್ರ ರಾ ಇಡಿ. ಪರದೆಯಲ್ಲಿ ಕಪ್ಪು-ಬಿಳುಪು ಕಾಣುತ್ತದೆ, ಫೈಲಿನಲ್ಲಿ ಬಣ್ಣವೆಲ್ಲ ಭದ್ರವಾಗಿರುತ್ತದೆ. ಎರಡೂ ಕಡೆಯ ಲಾಭ. ಕಂಪ್ಯೂಟರಿನಲ್ಲಿ ಡಾರ್ಕ್‌ಟೇಬಲ್, ರಾಥೆರಪಿ ಅನ್ನುವ ಚಿತ್ರ ತಿದ್ದುವ ತಂತ್ರಾಂಶಗಳು ಎರಡೂ ಪುಕ್ಕಟೆ, ತಿಂಗಳ ಚಂದಾ ಇಲ್ಲ. ಕಲಿಯಲು ಲೈಟ್‌ರೂಮ್‌ಗಿಂತ ಜಾಸ್ತಿ ದಿನ ಹಿಡಿಯುತ್ತದೆ, ಅಷ್ಟೇ.

ಬೀದರಿಗೆ ನಾನು ಈ ದಾರಿಯನ್ನೇ ಆರಿಸುತ್ತೇನೆ, ಅದರಲ್ಲಿ ಅನುಮಾನವೇ ಇಲ್ಲ. ಅಲ್ಲಿ ಎಲ್ಲವೂ ಬಣ್ಣದ ಮೇಲೆ ನಿಂತಿದೆ. ಕೆಂಪು ಗೋಡೆ, ಹಸಿರು ಕಂದಕ, ನೀಲಿ ಆಕಾಶ. ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದಲ್ಲಿ ಉಳಿದಿರುವ ಒಂದೇ ಮಿನಾರಿನ ಮೇಲೆ ಇನ್ನೂ ನೀಲಿ ಹೆಂಚುಗಳ ತುಣುಕುಗಳಿವೆ. ಆಕಾಶ ಕಪ್ಪಾಗಲಿ ಅಂತ ನೀಲಿಯನ್ನು ಎಳೆದರೆ ಆ ಹೆಂಚೂ ಕಪ್ಪಾಗಿ ಕಲ್ಲಿನಲ್ಲಿ ಕಳೆದುಹೋಗುತ್ತದೆ. ಆಗ ಆಕಾಶಕ್ಕೆ ಬೇರೆ ಮಾಸ್ಕ್ ಹಾಕಿ, ಆ ಭಾಗವನ್ನಷ್ಟೇ ಆರಿಸಿ ತಿದ್ದಬೇಕು. ಇಂಥ ನಾಜೂಕಿನ ಕೆಲಸಕ್ಕೆ ದೊಡ್ಡ ಸೆನ್ಸಾರಿನ ರಾ ಫೈಲ್ ಇರಲೇಬೇಕು.

ಸಂಸ್ಕರಣೆಯಲ್ಲಿ ನನ್ನ ಕ್ರಮ ಹೀಗೆ. ಮೊದಲು ಬಣ್ಣದ ಮಿಶ್ರಣ ಮಾಡಿ ಗೋಡೆ, ಹುಲ್ಲು, ಆಕಾಶ ಮೂರನ್ನೂ ಬೇರೆ ಬೇರೆ ಬೂದು ಬಣ್ಣಕ್ಕೆ ತರುತ್ತೇನೆ. ಇದು ಸರಿಯಾಗುವ ತನಕ ಕಾಂಟ್ರಾಸ್ಟ್ ಮುಟ್ಟುವುದಿಲ್ಲ. ಬೇರೆಯಾಗದೇ ಇರುವ ಎರಡು ಬೂದುಗಳನ್ನು ಕಾಂಟ್ರಾಸ್ಟ್ ಬೇರೆ ಮಾಡುವುದಿಲ್ಲ, ಎರಡನ್ನೂ ಒಟ್ಟಿಗೆ ಕಪ್ಪು ಮಾಡುತ್ತದೆ. ಆಮೇಲೆ ಕರ್ವ್, ಅಂದರೆ ಬೆಳಕು-ನೆರಳಿನ ಹದ ತಿದ್ದುವ ಗೆರೆ. ಕೊನೆಗೆ ಬ್ರಷ್ ಹಿಡಿದು ಅಲ್ಲಲ್ಲಿ ಬೆಳಗಿಸುವುದು, ಅಲ್ಲಲ್ಲಿ ಮಂಕು ಮಾಡುವುದು. ಇದಕ್ಕೆ ಅರ್ಧ ಗಂಟೆ ಕೊಡಿ. ನೀಲಿ ಸ್ಲೈಡರನ್ನು ಕೊನೆಯ ತನಕ ಎಳೆಯುವ ಆಸೆ ಎಲ್ಲರಿಗೂ ಬರುತ್ತದೆ. ಎಳೆದರೆ ಬುರುಜಿನ ಅಂಚಿಗೆ ಬಿಳಿ ಗೆರೆ ಹುಟ್ಟುತ್ತದೆ. ನೂರು ಪರ್ಸೆಂಟ್ ಜೂಮ್ ಮಾಡಿ ಆ ಅಂಚನ್ನು ನೋಡಿಕೊಳ್ಳಿ. ಆಕಾಶ ಇನ್ನೂ ಗಾಢ ಬೇಕಿದ್ದರೆ ತೆಗೆಯುವಾಗಲೇ ಲೆನ್ಸಿನ ಮುಂದೆ ಪೋಲರೈಸರ್ ಫಿಲ್ಟರ್ ಹಾಕಿ. ಸೂರ್ಯನಿಗೆ 90 ಡಿಗ್ರಿ ಓರೆಯಾಗಿ ನಿಂತಾಗ ಅದರ ಪರಿಣಾಮ ಅತಿ ಹೆಚ್ಚು.

ಇನ್ನೊಂದು ಮಾತು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಆಕಾಶ ನೀಲಿಯೇ ಇರುವುದಿಲ್ಲ, ಧೂಳಿನಿಂದ ಬೆಳ್ಳಗಿರುತ್ತದೆ. ಬಿಳಿ ಆಕಾಶವನ್ನು ಯಾವ ಬಣ್ಣದ ಫಿಲ್ಟರೂ ಕಪ್ಪು ಮಾಡುವುದಿಲ್ಲ, ಎಷ್ಟು ದುಡ್ಡು ಹಾಕಿದರೂ ಅಷ್ಟೇ. ಆಗ ಆಕಾಶವನ್ನು ಫ್ರೇಮಿನಲ್ಲಿ ಒಂದು ಪಟ್ಟಿಯಷ್ಟು ಇಟ್ಟು ನೆಲವನ್ನು ದೊಡ್ಡದು ಮಾಡಿ. ಆಗಸ್ಟಿನಿಂದ ಅಕ್ಟೋಬರ್ ತನಕ ಮೋಡ ತೇಲುವ ದಿನಗಳಲ್ಲಿ ತಿರುಗಿಸಿ, ಮುಕ್ಕಾಲು ಪಾಲು ಆಕಾಶ ಇಡಿ. ಬೀದರ್ ಹತ್ತಿರದ ಅಷ್ಟೂರಿನಲ್ಲಿ ಬಹಮನಿ ಗುಂಬಜ್‌ಗಳು ಸಾಲಾಗಿ ನಿಂತಿವೆಯಲ್ಲ, ಸಿಡಿಲು ಬಡಿದು ಸೀಳಿಹೋಯಿತೆಂದು ಹೇಳುವ ಹುಮಾಯೂನ್ ಗುಂಬಜ್ ಅಲ್ಲೇ ಇದೆ. ಅದರ ಮುರಿದ ಅಂಚಿನ ಹಿಂದೆ ಮಳೆಮೋಡ ಬರುವ ಸಂಜೆಗೆ ಕಾಯಿರಿ. ನಾನು ನಾಲ್ಕು ಸಲ ಹೋಗಿ ಒಂದು ಸಲ ಪಡೆದಿದ್ದೇನೆ.

ಚೌಕಟ್ಟು ಕಟ್ಟುವ ವಿಷಯದಲ್ಲಿ ಬೀದರಿನವರಿಗೆ ಮನೆಯಲ್ಲೇ ಪಾಠ ಇದೆ. ಬಿದರಿ ಕೆಲಸದ ಹೂದಾನಿಯನ್ನು ಒಮ್ಮೆ ನೋಡಿ. ಸತು ಮತ್ತು ತಾಮ್ರದ ಮಿಶ್ರಲೋಹಕ್ಕೆ ಕೋಟೆಯ ಮಣ್ಣನ್ನು ನವಸಾಗರದ ಜೊತೆ ಕಲಸಿ ಹಚ್ಚಿದಾಗ ಮೈ ಕಪ್ಪಾಗುತ್ತದೆ, ಕೂರಿಸಿದ ಬೆಳ್ಳಿ ಮಾತ್ರ ಬಿಳಿಯಾಗಿಯೇ ಉಳಿಯುತ್ತದೆ. ಕಣ್ಣು ನೇರವಾಗಿ ಬೆಳ್ಳಿಯ ಗೆರೆಯ ಹಿಂದೆ ಹೋಗುತ್ತದೆ, ಯಾಕೆಂದರೆ ಸುತ್ತ ಇರುವ ಕಪ್ಪು ದೊಡ್ಡದು, ಗೆರೆ ಸಣ್ಣದು. ಫೋಟೋದಲ್ಲೂ ಬಿಳಿಯನ್ನು ಹಾಗೆ ಜಿಪುಣತನದಿಂದ ಬಳಸಿದರೆ ಕಣ್ಣಿಗೆ ದಾರಿ ಸಿಗುತ್ತದೆ. ನಾವು ನಡುವಿನ ಬೂದುಗಳನ್ನೂ ಉಳಿಸಿಕೊಳ್ಳಬೇಕು, ಅದೊಂದು ವ್ಯತ್ಯಾಸ.

ಅಂದಹಾಗೆ, ಬೀದರ್ ಕೋಟೆಯಂಥ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಇಡಲು ಅನುಮತಿ ಕೇಳಬೇಕಾಗುತ್ತದೆ. ಬೀದರಿನಲ್ಲಿ ವಾಯುಪಡೆಯ ನೆಲೆ ಇದೆ, ಆ ಕಡೆ ಕ್ಯಾಮೆರಾ ತಿರುಗಿಸಬೇಡಿ.

ಅಟ್ಟದ ಫಿಲ್ಮ್ ಕ್ಯಾಮೆರಾ

ಇದರ ಮೇಲೆ ನನಗೆ ಪ್ರೀತಿ ಜಾಸ್ತಿ, ಅದಕ್ಕೇ ಸ್ವಲ್ಪ ಬಿಗಿಯಾಗಿ ಹೇಳುತ್ತೇನೆ. ಇಲ್ಫರ್ಡ್ ಎಚ್‌ಪಿ5 ಪ್ಲಸ್ ತರಹದ ಒಂದು ರೋಲಿಗೆ ಸಾವಿರದ ಆಸುಪಾಸು, ಸಿಗುವುದು 36 ಚಿತ್ರ. ಅದರ ಮೇಲೆ ಕೆಮಿಕಲ್, ಸ್ಕ್ಯಾನ್. ಪ್ರತಿ ಕ್ಲಿಕ್ಕಿಗೂ ದುಡ್ಡು. ಬಣ್ಣದ ತೀರ್ಮಾನವನ್ನೂ ಅಲ್ಲೇ, ಲೆನ್ಸಿನ ಮುಂದೆ ಗಾಜಿನ ಫಿಲ್ಟರ್ ಹಾಕಿ ಮಾಡಬೇಕು. ಹಳದಿ ಫಿಲ್ಟರ್ ಒಂದು ಸ್ಟಾಪ್ ಬೆಳಕು ತಿನ್ನುತ್ತದೆ, ಗಾಢ ಕೆಂಪು ಮೂರು ಸ್ಟಾಪ್. ಮನೆಗೆ ಬಂದ ಮೇಲೆ ಹುಲ್ಲನ್ನು ಬೆಳಗಿಸುತ್ತೇನೆ ಅಂದರೆ ಆಗುವುದಿಲ್ಲ.

ಹಳೆಯ ಕಾಲದ ಛಾಯಾಗ್ರಾಹಕರಿಗೆ ಈ ಆಯ್ಕೆಯೂ ಇರಲಿಲ್ಲ. ನಮ್ಮ ಸೀಮೆ ನಿಜಾಮರ ಆಡಳಿತದಲ್ಲಿದ್ದಾಗ ರಾಜಾ ದೀನ್‌ದಯಾಳ್ ಆ ನಿಜಾಮರ ಆಸ್ಥಾನದ ಛಾಯಾಗ್ರಾಹಕರಾಗಿದ್ದರು. 19ನೇ ಶತಮಾನದ ಗಾಜಿನ ಪ್ಲೇಟುಗಳು ನೀಲಿ ಬೆಳಕಿಗೆ ಬಹಳ ಬೇಗ ಸ್ಪಂದಿಸುತ್ತಿದ್ದವು, ಕೆಂಪು ಅವಕ್ಕೆ ಕಾಣುತ್ತಲೇ ಇರಲಿಲ್ಲ. ಆ ಕಾಲದ ಚಿತ್ರಗಳಲ್ಲಿ ಆಕಾಶ ಬರೀ ಬಿಳಿ ಹಾಳೆಯಾಗಿ ಕಾಣುವುದು ಇದೇ ಕಾರಣಕ್ಕೆ.

ಫಿಲ್ಮನ್ನು ಮನೆಯಲ್ಲಿ ಡೆವಲಪ್ ಮಾಡುವುದು, ಅಂದರೆ ಕೆಮಿಕಲ್‌ನಲ್ಲಿ ಅದ್ದಿ ಚಿತ್ರ ಮೂಡಿಸುವುದು ಕಷ್ಟವಲ್ಲ, ಆದರೆ ನಮ್ಮ ಬೇಸಿಗೆ ಅಡ್ಡ ಬರುತ್ತದೆ. ಎಚ್‌ಪಿ5ಗೆ ಐಡಿ-11 ಡೆವಲಪರ್ ನೀರು ಬೆರೆಸದೆ ಹಾಕಿದರೆ 20 ಡಿಗ್ರಿಯಲ್ಲಿ ಏಳೂವರೆ ನಿಮಿಷ. 24 ಡಿಗ್ರಿಗೆ ಏರಿದರೆ ಐದು ನಿಮಿಷದ ಚಿಲ್ಲರೆ. ಅದಕ್ಕಿಂತ ಕಡಿಮೆಯಾದರೆ ಡೆವಲಪರ್ ಸಮನಾಗಿ ಹರಡುವುದಿಲ್ಲ. ಮೇ ತಿಂಗಳಲ್ಲಿ ಮಾಳಿಗೆಯ ಟ್ಯಾಂಕಿನಿಂದ ಬರುವ ನೀರು ಕೈಗೆ ಸುಡುತ್ತದೆ. ನಾನು ಒಮ್ಮೆ ಅವಸರಪಟ್ಟು ಅಂಥ ನೀರಿನಲ್ಲೇ ಮಾಡಿದೆ. ಸನ್ನತಿಯ ಭೀಮಾ ದಂಡೆಯಲ್ಲಿ ಒಂದಿಡೀ ದಿನ ತೆಗೆದ ರೋಲು. ನೆಗೆಟಿವ್‌ನಲ್ಲಿ ಆಕಾಶದ ಭಾಗ ಎಷ್ಟು ದಟ್ಟವಾಗಿತ್ತೆಂದರೆ ಸ್ಕ್ಯಾನರ್ ಬೆಳಕು ಆಚೆ ಹೋಗಲಿಲ್ಲ. ಈಗ ಎರಡು ದಾರಿ ಹಿಡಿದಿದ್ದೇನೆ. ಡಿಸೆಂಬರ್, ಜನವರಿಯಲ್ಲಿ ಮಾಡುತ್ತೇನೆ, ಇಲ್ಲವೇ ಮಣ್ಣಿನ ಕೊಡದ ನೀರಿಗೆ ಐಸ್ ಹಾಕಿದ ಬುಟ್ಟಿಯಲ್ಲಿ ಬಾಟಲಿಗಳನ್ನು ಇಟ್ಟು ತಣಿಸಿಕೊಳ್ಳುತ್ತೇನೆ. ತೊಳೆಯುವ ನೀರೂ ಅದೇ ಹದದಲ್ಲಿರಬೇಕು.

ಅಕ್ಕನಿಗೆ ಹೇಳಿದ್ದು ಇಷ್ಟು. ಮೊದಲು ಲೆನ್ಸಿನೊಳಗೆ ಬೂಷ್ಟು ಹಿಡಿದಿದೆಯೋ ನೋಡು, ಹಿಂಬಾಗಿಲಿನ ಸ್ಪಂಜು ಅಂಟಂಟಾಗಿ ಕರಗಿದೆಯೋ ನೋಡು. ಸ್ಪಂಜನ್ನು ಬದಲಿಸುವುದು ಸುಲಭ, ಬೂಷ್ಟು ಜಾಸ್ತಿ ಇದ್ದರೆ ರೋಲು ಹಾಕಬೇಡ. ಬೆಳಕು ಅಳೆಯುವ ಮೀಟರ್ ಸತ್ತಿದ್ದರೆ ಚಿಂತೆ ಇಲ್ಲ. ಸ್ವಚ್ಛ ಬಿಸಿಲಲ್ಲಿ ಅಪರ್ಚರ್ 16 ಇಟ್ಟು, ಎಚ್‌ಪಿ5ನಂಥ 400 ಐಎಸ್‌ಒ ಫಿಲ್ಮಿಗೆ ಶಟರ್ 1/500 ಸೆಕೆಂಡಿಗೆ ಇಟ್ಟರೆ ಚಿತ್ರ ಬರುತ್ತದೆ. ಅವಳ ಸುತ್ತ ಇರುವುದು ಬಂಡೆ ಗುಡ್ಡ. ಬೂದು ಕಲ್ಲು, ಒರಟು ಮೈ, ದೊಡ್ಡ ನೆರಳು. ಶಹಾಪುರದ ಮಲಗಿದ ಬುದ್ಧನ ಗುಡ್ಡ ಅಂತೂ ಬರೀ ಆಕಾರದಿಂದಲೇ ನಿಲ್ಲುವ ಚಿತ್ರ. ಫಿಲ್ಮಿನ ಕಾಳು ಕಾಳಾದ ಮೈಗೆ ಈ ಕಲ್ಲು ಬಹಳ ಒಪ್ಪುತ್ತದೆ. ತಿಂಗಳಿಗೆ ಒಂದೇ ರೋಲು ಅಂತ ಇಟ್ಟುಕೊಂಡರೆ ಸರಿ. ಅದು ಭಾರವಾದರೆ ಫೋನಿನ ರಾ ದಾರಿಯೇ ಒಳ್ಳೆಯದು.

ಬಣ್ಣವನ್ನೇ ಗುರುತಿಸದ, ಕಪ್ಪು-ಬಿಳುಪಿಗೆ ಮಾತ್ರ ಮಾಡಿದ ಡಿಜಿಟಲ್ ಕ್ಯಾಮೆರಾಗಳೂ ಇವೆ. ಲೈಕಾ 2012ರಲ್ಲಿ ತಂದಿತು, ಪೆಂಟ್ಯಾಕ್ಸ್ 2023ರಲ್ಲಿ. ವಿವರ ಅದ್ಭುತ, ನಾಯ್ಸ್ ಕಡಿಮೆ. ಆದರೆ ಬೆಲೆ ಬಹಳ, ಗಾಜಿನ ಫಿಲ್ಟರ್ ಇಲ್ಲದೆ ಬಣ್ಣದ ಹಿಡಿತವೂ ಇಲ್ಲ. ಕೆಂಪು ಕಲ್ಲಿನ ಊರಿನವರಿಗೆ ನಾನು ಹೇಳುವುದಿಲ್ಲ.

ಪ್ರಿಂಟಿನ ಒಂದು ತೊಡಕು

ಯಾವ ದಾರಿ ಹಿಡಿದರೂ ಪ್ರಿಂಟ್ ಹಾಕಿಸುವಾಗ ಹುಷಾರು. ಸಾಮಾನ್ಯ ಲ್ಯಾಬುಗಳಲ್ಲಿ ಕಪ್ಪು-ಬಿಳುಪನ್ನೂ ಬಣ್ಣದ ಕಾಗದದ ಮೇಲೆಯೇ ಹಾಕುತ್ತಾರೆ. ನನಗೆ ಒಂದು ಕಡೆ 12×18ರ ಆರು ಪ್ರಿಂಟ್ ಹಸಿರು ಛಾಯೆಯಲ್ಲಿ ಬಂದವು, ಇನ್ನೊಂದು ಕಡೆ ಅದೇ ಫೈಲು ನೇರಳೆಗೆ ತಿರುಗಿತು. ದೊಡ್ಡದು ಹಾಕಿಸುವ ಮುಂಚೆ ಅದೇ ಲ್ಯಾಬಿನಲ್ಲಿ 4×6ರ ಒಂದು ಪ್ರಿಂಟ್ ಹಾಕಿಸಿ, ಮನೆಗೆ ತಂದು ಹಗಲು ಬೆಳಕಿನಲ್ಲಿ ನೋಡಿ.

ಇನ್ನೂ ಗೊಂದಲ ಇದ್ದರೆ

ಏನನ್ನೂ ಕೊಳ್ಳುವ ಮೊದಲು ಒಂದು ಸಂಜೆ ಇಷ್ಟು ಮಾಡಿ. ನೀವು ಪದೇ ಪದೇ ಹೋಗಿ ನಿಲ್ಲುವ ಜಾಗಕ್ಕೆ ಹೋಗಿ, ಫೋನಿನಲ್ಲಿ ಬಣ್ಣದಲ್ಲೇ ಒಂದು ಚಿತ್ರ ತೆಗೆಯಿರಿ. ರಾ ಇದ್ದರೆ ರಾ, ಇಲ್ಲದಿದ್ದರೆ ಸಾಮಾನ್ಯ ಚಿತ್ರವೇ ಆದೀತು. ಸ್ನ್ಯಾಪ್‌ಸೀಡ್‌ನಲ್ಲಿ ಅದನ್ನು ಕಪ್ಪು-ಬಿಳುಪು ಮಾಡಿ ಮೂರು ಪ್ರತಿ ಉಳಿಸಿ: ಫಿಲ್ಟರ್ ಇಲ್ಲದ್ದು, ಕೆಂಪು ಫಿಲ್ಟರಿನದು, ಹಸಿರು ಫಿಲ್ಟರಿನದು. ಮೂರನ್ನೂ ಪಕ್ಕಪಕ್ಕ ಇಟ್ಟು ಕಣ್ಣು ಕಿರಿದು ಮಾಡಿ ನೋಡಿ.

ಮೂರೂ ಹೆಚ್ಚುಕಡಿಮೆ ಒಂದೇ ಥರ ಕಂಡರೆ ನಿಮ್ಮ ನೆಲಕ್ಕೆ ಫೋನೂ ಸಾಕು, ಫಿಲ್ಮೂ ಸಾಕು. ದುಡ್ಡು ಕೊಡಬೇಡಿ, ಮುಂಜಾನೆ ಬೇಗ ಏಳಿ. ಮೂರೂ ಮೂರು ಬೇರೆ ಚಿತ್ರಗಳ ಹಾಗೆ ಕಂಡರೆ ರಾ ಫೈಲ್ ನಿಮಗೆ ಬೇಕೇ ಬೇಕು. ಕೆಂಪು ಫಿಲ್ಟರಿನ ಪ್ರತಿಯಲ್ಲಿ ಆಕಾಶ ಕಲೆ ಕಲೆಯಾಗಿ ಒಡೆದಿದ್ದರೆ, ಅಂಥ ಚಿತ್ರವನ್ನು ಗೋಡೆಗೆ ಹಾಕುವ ಆಸೆಯೂ ಇದ್ದರೆ, ಹಳೆಯ ಡಿಎಸ್‌ಎಲ್‌ಆರ್ ಹುಡುಕಲು ಶುರು ಮಾಡಿ. ಬೀದರಿನ ಮಾಸ್ತರರು ಈ ಪರೀಕ್ಷೆಯನ್ನು ಕೋಟೆಯ ಕಂದಕದ ಹತ್ತಿರ ಮಾಡಿ ಮೂರು ಚಿತ್ರ ಕಳಿಸಿದ್ದರು. ತಮ್ಮನ ಕ್ಯಾಮೆರಾಕ್ಕೆ ಹೊಸ ಬ್ಯಾಟರಿ ತರಲು ಮರುದಿನವೇ ಹೋದರಂತೆ.